ಗಾಬರಿ ಮೇಷ್ಟ್ರು ಹಿಡಿದ ಕೈ

ಅವರಿಗೆ ಗಾಬರಿ ಮೇಷ್ಟ್ರು ಎಂದು ಹೆಸರು ಬಿದ್ದದ್ದು ಅವರು ಗಾಬರಿ ಬೀಳುವ ಮನುಷ್ಯರೆಂದಲ್ಲ. ಕಾರು ಓಡಿಸಲು ಕಲಿಸುವುದು ಅವರ ಕಸುಬು. ಎದುರಿಗೆ ಲಾರಿ ಬಂದರೆ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವವರು, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ಅಮ್ಮನನ್ನು ಕರೆಯುವವರು, ಬ್ರೇಕ್ ಅಂದರೆ ಕ್ಲಚ್ ತುಳಿಯುವವರು, ಎಲ್ಲರೂ ಅವರ ಪಕ್ಕದಲ್ಲಿ ಕೂತು ಕಲಿತು ಹೋಗಿದ್ದರು. ಅಂಥ ಹೊತ್ತಿನಲ್ಲಿ ಮೇಷ್ಟ್ರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಗಾಬರಿ ಆಗ್ಬೇಡಿ, ನಾನಿದ್ದೀನಿ." ಹೇಳುತ್ತಲೇ, ಗಂಡಸರಾದರೆ ಕೈಮೇಲೆ ಕೈಯಿಟ್ಟು, ಹೆಂಗಸರಾದರೆ ಸ್ಟಿಯರಿಂಗಿನ ಅಂಚು ಹಿಡಿದು, ಗಾಡಿಯನ್ನು ಮೆಲ್ಲಗೆ ದಾರಿಗೆ ತರುತ್ತಿದ್ದರು. ಅವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಆ ಕಾರಿನಲ್ಲಿ ಸವೆಯುವುದು ಮೇಷ್ಟ್ರ ಕಡೆಯ ಬ್ರೇಕ್ ಮಾತ್ರ ಎಂದು ಗ್ಯಾರೇಜಿನವನು ನಗುತ್ತಿದ್ದ.

ಹೆಂಡತಿ ಕಾಮಾಲೆಯಲ್ಲಿ ತೀರಿಕೊಂಡಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಮೇಷ್ಟ್ರು ಬೆಳಗಿನ ಪಾಠ ಮುಗಿಸಿ ಬಂದು ಅನ್ನಕ್ಕಿಟ್ಟು, ಅವನ ಸಮವಸ್ತ್ರದ ಗುಂಡಿ ಹೊಲಿದು, ಮತ್ತೆ ಪಾಠಕ್ಕೆ ಓಡಿ ಅವನನ್ನು ದೊಡ್ಡವನನ್ನಾಗಿ ಮಾಡಿದರು. ಅವನು ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಆರಡಿ ಎತ್ತರ, ಬೀದಿಯ ಆ ತುದಿಗೂ ಕೇಳುವ ನಗು, ಮೂಗಿನ ಮೇಲೇ ಕೋಪ. ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ, "ಅಪ್ಪಾ, ಆ ಫುಟ್‌ರೆಸ್ಟ್ ತುಳಿದು ತುಳಿದು ಮುರಿದುಹಾಕ್ತೀಯ. ಬ್ರೇಕ್ ನನ್ನ ಹತ್ರ ಇದೆ," ಎಂದು ರೇಗಿಸುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಸೊಸೆ ಬಂದ ಮೇಲೆ ಮನೆಯಲ್ಲಿ ಮತ್ತೆ ಮಾತು ತುಂಬಿಕೊಂಡಿತು. ರೇಡಿಯೋದ ಸದ್ದಿನ ಬಗ್ಗೆ ಮಾವನಿಗೂ ಸೊಸೆಗೂ ದಿನಾ ಜಗಳ. ಜಗಳ ಮುಗಿಸಿ ಇಬ್ಬರೂ ಸೇರಿ ಮಗನನ್ನು ಬೈಯುವುದು.

ಒಂದು ಭಾನುವಾರ ಸಂಜೆ ಇವರ ಗೇಟಿಗೆ ಅಡ್ಡವಾಗಿ ಯಾರೋ ಸಾಮಾನಿನ ಗಾಡಿ ನಿಲ್ಲಿಸಿ ಹೋಗಿದ್ದರು. ಎರಡು ಬೀದಿ ಆಚೆ ಇರುವ ಟೈರ್ ಅಂಗಡಿಯ ಗಾಡಿ. ಅದನ್ನು ಓಡಿಸಿಕೊಂಡು ಬಂದವನು ಇಪ್ಪತ್ತೆರಡು ಇಪ್ಪತ್ಮೂರರ ಆಳು. ಮೇಷ್ಟ್ರ ಕಾರಿಗೂ ಎಷ್ಟೋ ಸಲ ಗಾಳಿ ಹಾಕಿದವನು. ಮಗ ಹಾರ್ನ್ ಹೊಡೆದ, ಅವನು ತಡವಾಗಿ ಬಂದ, ಮಾತಿಗೆ ಮಾತು ಬೆಳೆಯಿತು. ಅಕ್ಕಪಕ್ಕದವರು ಬಿಡಿಸಿದರು. ಟೈರ್ ಅಂಗಡಿಯ ಆಳು ಗಾಡಿ ತೆಗೆದುಕೊಂಡು ಹೊರಟುಹೋದ. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವನು ಅಂಗಡಿಗೆ ಹೋಗಿ, ಗಾಡಿ ನಿಲ್ಲಿಸಿ, ಚಕ್ರ ಬಿಚ್ಚುವ ಉದ್ದನೆಯ ಪಾನಾ ಹಿಡಿದು ನಡೆದುಕೊಂಡು ವಾಪಸು ಬಂದ. ಮಗ ಬೆನ್ನು ಹಾಕಿ ಗೇಟಿನ ಚಿಲಕ ಸಿಕ್ಕಿಸುತ್ತಿದ್ದ. ತಲೆಗೆ ಒಂದೇ ಏಟು. ಜಗಳ ಮುಗಿದ ಮೇಲಷ್ಟೇ ಪಾಠದಿಂದ ಬಂದು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಮೇಷ್ಟ್ರು ಸೊಸೆಯ ಕೂಗಿಗೆ ಸೋಪಿನ ಮುಖದಲ್ಲೇ ಓಡಿಬಂದರು. ಕಣ್ಣು ಉರಿಯುತ್ತಿತ್ತು, ನೆಲದ ಮೇಲಿರುವುದು ಯಾರೆಂದು ಮೊದಲು ಕಾಣಲೇ ಇಲ್ಲ. ಆಸ್ಪತ್ರೆಯ ಬಾಗಿಲು ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

ಕೇಸು ಎರಡು ವರ್ಷಕ್ಕೂ ಮೀರಿ ನಡೆಯಿತು. ಮೇಷ್ಟ್ರು ಎಲ್ಲ ತಾರೀಖಿಗೂ ಹೋದರು. ಮೊದಮೊದಲು ಅವರಿಗೆ ಒಂದೇ ಸಿಟ್ಟು: ಹೋದವನು ವಾಪಸು ಯಾಕೆ ಬಂದ? ಹೋಗುವಾಗ ಇದ್ದ ರೋಷ ಎರಡು ಬೀದಿ ನಡೆದರೂ ಇಳಿಯಲಿಲ್ಲವೇ? ಆಮೇಲೆ ಎದುರುಮನೆಯವರು ಸಾಕ್ಷಿ ಹೇಳುವಾಗ ಮೊದಲು ಕೈ ಎತ್ತಿದ್ದು ಮಗನೇ ಎಂಬುದು ಹೊರಬಿತ್ತು. ಕೆನ್ನೆಗೆ ಹೊಡೆದಿದ್ದನಂತೆ, ಅದೂ ನಾಲ್ಕು ಜನರ ಮುಂದೆ. ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ.

"ನಮ್ಮವನೇ ಮೊದಲು ಹೊಡೆದನಾ?" ಎಂದು ಹೊರಗೆ ಬಂದು ಸೊಸೆಯನ್ನು ಕೇಳಿದರು.

"ಒಂದು ಏಟು ಹೊಡೆದ್ರು. ಅದಕ್ಕೆ ಸಾಯಿಸ್ಬೇಕಿತ್ತಾ ಮಾವ?"

"ನಾನು ಹಾಗಂದ್ನಾ?"

"ಅನ್ಲಿಲ್ಲ. ಆದ್ರೆ ಕೇಳಿದ್ರಲ್ಲ."

ಅಲ್ಲಿಂದಾಚೆಗೆ ಸಿಟ್ಟು ಮೊದಲಿನಂತೆ ನೆಟ್ಟಗೆ ನಿಲ್ಲಲಿಲ್ಲ. ಇಳಿಯಲೂ ಇಲ್ಲ. ಒಮ್ಮೆ ಕೊಂದವನ ಮೇಲೆ, ಒಮ್ಮೆ ಸತ್ತವನ ಮೇಲೆ, ಒಮ್ಮೆ ಬಚ್ಚಲಲ್ಲಿ ನಿಧಾನವಾಗಿ ಮುಖ ತೊಳೆಯುತ್ತಿದ್ದ ತಮ್ಮ ಮೇಲೇ ತಿರುಗಿ ಬೀಳುತ್ತಿತ್ತು. ಕಲಿಯುವವರ ಪಕ್ಕದಲ್ಲಿ ಕೂತು, ಹಸಿರು ದೀಪ ಬಂದರೂ ಹೋಗೆನ್ನದೆ ಸುಮ್ಮನಿದ್ದುಬಿಡುತ್ತಿದ್ದರು. ಹಿಂದಿನ ಗಾಡಿಗಳೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದವು.

ಕೊಲೆ ಸಾಬೀತಾಯಿತು. ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವ ಮುಂಚೆ ಜಡ್ಜ್ ಮನೆಯವರ ಮಾತನ್ನೂ ಕೇಳುತ್ತಾರೆ ಎಂದು ಸರ್ಕಾರಿ ವಕೀಲರು ತಿಳಿಸಿದರು. ಜೀವ ಇರುವವರೆಗೂ ಹೊರಗೆ ಬಿಡಬಾರದು ಎಂದು ವಕೀಲರು ತಾವೇ ಕೇಳಲಿದ್ದರು. ಆ ದಿನ ಮಾವ ಸೊಸೆ ಬಸ್ಸಿನಲ್ಲಿ ಹೋದರು. ಸೊಸೆ ದಾರಿಯುದ್ದಕ್ಕೂ ಹೇಳಿಕೊಟ್ಟಳು.

"ಜಾಸ್ತಿ ಏನೂ ಬೇಡ ಮಾವ. ನನ್ನ ಮಗನಿಗೆ ಹಿಂದಿನಿಂದ ಬಂದು ಹೊಡೆದ, ಇವನು ಹೊರಗೆ ಬರ್ಬಾರ್ದು. ಇಷ್ಟೇ."

"ನೀನೇ ಹೇಳ್ಬಹುದಲ್ಲಮ್ಮ."

"ನಾನು ನಿಂತ್ರೆ ಬಾಯಿಗೆ ಬಂದಿದ್ದೆಲ್ಲ ಬೈದುಬಿಡ್ತೀನಿ. ವಕೀಲರು ಬೇಡ ಅಂದ್ರು. ನಿಮಗೆ ಅಳು ಬಂದ್ರೆ ಅತ್ತುಬಿಡಿ, ಆದ್ರೆ ಹೇಳದೆ ಇಳೀಬೇಡಿ."

ಮೇಷ್ಟ್ರು ಪಾಠ ಒಪ್ಪಿಸುವ ಮಕ್ಕಳಂತೆ ತುಟಿ ಅಲ್ಲಾಡಿಸುತ್ತ ಬಂದರು. ಕೋರ್ಟಿನ ಪಡಸಾಲೆಗೆ ಅವತ್ತೇ ಬಣ್ಣ ಹೊಡೆಯುತ್ತಿದ್ದರು. ಗೋಡೆಗೆ ಒರಗಬೇಡಿ ಎಂದು ಜವಾನ ಕೂಗುತ್ತಲೇ ಇದ್ದ, ಒರಗುವವರು ಒರಗುತ್ತಲೇ ಇದ್ದರು. ಕೊಂದವನ ಅಪ್ಪ, ಮರಗೆಲಸದವನು, ಒಂದು ತೋಳಿಗೆಲ್ಲ ಹಸಿ ಬಣ್ಣ ಮೆತ್ತಿಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದ. ಅದು ಅವನ ಗಮನಕ್ಕೇ ಬಂದಂತಿರಲಿಲ್ಲ.

ಮೇಷ್ಟ್ರ ಹೆಸರು ಕೂಗಿದರು. ಅವರು ಕಟಕಟೆ ಹತ್ತಿ ನಿಂತರು. ಜಡ್ಜ್ ನಡುವಯಸ್ಸು ದಾಟಿದ ಹೆಂಗಸು, ನೆಗಡಿಯಾಗಿ ದನಿ ಕಟ್ಟಿತ್ತು. "ನಿಧಾನವಾಗಿ ಹೇಳಿ," ಎಂದರು.

"ನನ್ನ ಮಗನಿಗೆ..." ಎಂದು ಶುರುಮಾಡಿದ ಮೇಷ್ಟ್ರು ಎದುರಿಗೆ ನೋಡಿದರು.

ಎದುರಿನ ಕಟಕಟೆಯಲ್ಲಿ ಕೊಂದವನು ನಿಂತಿದ್ದ. ಎರಡು ಕೈಯಿಂದಲೂ ಮುಂದಿನ ಮರದ ಪಟ್ಟಿಯನ್ನು ಬಿಗಿಹಿಡಿದಿದ್ದ, ಗೆಣ್ಣುಗಳು ಬಿಳುಚಿದ್ದವು. ಬಾಯಿ ತೆರೆದುಕೊಂಡಿತ್ತು. ಉಸಿರು ಒಳಗೆ ಹೋಗುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಕಣ್ಣು ಅಗಲವಾಗಿತ್ತು, ಏನೂ ಕಾಣದವನ ಕಣ್ಣು. ಮೈ ಒಂದು ಕಡೆಗೆ ವಾಲುತ್ತಿತ್ತು. ಅವನನ್ನು ಹಿಡಿದು ತಂದಿದ್ದ ಪೊಲೀಸಿನವನು ಆ ಕಡೆ ನೋಡುತ್ತ ನಿಂತಿದ್ದ.

ಮೇಷ್ಟ್ರು ಅದನ್ನು ಎಷ್ಟು ಜನರಲ್ಲಿ ನೋಡಿದ್ದರೋ ಲೆಕ್ಕವಿಲ್ಲ. "ಗಾಬರಿ ಆಗ್ಬೇಡಪ್ಪ, ನಾನಿದ್ದೀನಿ," ಎಂದುಬಿಟ್ಟರು.

ಮಾತು ಹೊರಗೆ ಬಂದ ಮೇಲೆ ಅದು ತಮ್ಮದೇ ಎಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಕಾಲು ಕಟಕಟೆ ಇಳಿದಾಗಿತ್ತು. ನಡುವಿನ ಜಾಗ ದಾಟಿ ಹೋಗಿ, ಮರದ ಪಟ್ಟಿಯ ಮೇಲಿದ್ದ ಅವನ ಕೈಮೇಲೆ ತಮ್ಮ ಕೈಯಿಟ್ಟರು. ತಣ್ಣಗೆ, ಬೆವೆತು ಒದ್ದೆಯಾದ ಕೈ. ಅವನು ಒಮ್ಮೆ ಬೆಚ್ಚಿದ. ಆಮೇಲೆ ಆ ಕೈಗೇ ಹಣೆ ಒತ್ತಿ ಬಿಕ್ಕತೊಡಗಿದ. ಪೊಲೀಸಿನವನು ಬಿಡಿಸಲು ಮುಂದೆ ಬಂದು, ಬಿಡಿಸಬೇಕೋ ಬೇಡವೋ ಎಂದು ಜಡ್ಜ್ ಮುಖ ನೋಡಿದ. ಅವರು ಇರು ಎಂಬಂತೆ ಕೈಯೆತ್ತಿದರು. ಟೈಪು ಮಾಡುತ್ತಿದ್ದವಳ ಬೆರಳು ನಿಂತಿತು.

"ನೀವು ಇವನನ್ನ ಕ್ಷಮಿಸ್ತಿದ್ದೀರಾ?" ಎಂದು ಜಡ್ಜ್ ಕೇಳಿದರು.

ಮೇಷ್ಟ್ರು ಆ ಪ್ರಶ್ನೆಯನ್ನು ಅದೇ ಮೊದಲು ಕೇಳಿದವರಂತೆ ನಿಂತರು. "ಗೊತ್ತಿಲ್ಲ ಮೇಡಂ."

"ಶಿಕ್ಷೆ ವಿಚಾರದಲ್ಲಿ ಏನಾದ್ರೂ ಹೇಳೋದಿತ್ತಾ?"

ಅವರು ಸೊಸೆಯ ಕಡೆ ತಿರುಗಿದರು. ಅವಳು ಅವರ ಮುಖ ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದಳು. ಬಸ್ಸಿನಲ್ಲಿ ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿತ್ತು.

"ಇತ್ತು ಮೇಡಂ. ಮರೆತುಹೋಯ್ತು."

ಯಾರೂ ನಗಲಿಲ್ಲ. ಜಡ್ಜ್ ಒಂದು ಸ್ಟೂಲು ತರಿಸಿ ಅವನಿಗೆ ಹಾಕಿಸಿದರು. ತಮ್ಮ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ಜವಾನನ ಕೈಲಿ ಕೊಟ್ಟು ಕಳಿಸಿದರು. "ಕುಡಿ. ಕೂತೇ ಕೇಳು," ಎಂದರು. ಆಮೇಲೆ ಆ ಕಟ್ಟಿದ ದನಿಯಲ್ಲೇ, ಎಲ್ಲೂ ತಡವರಿಸದೆ, ಜೀವಾವಧಿ ಶಿಕ್ಷೆ ಓದಿದರು. ಎಂದಿಗೂ ಬಿಡುಗಡೆ ಕೂಡದು ಎಂಬ ಸರ್ಕಾರಿ ವಕೀಲರ ಕೋರಿಕೆಯನ್ನು ಒಪ್ಪಲಿಲ್ಲ. ವರ್ಷಗಳು ಕಳೆದ ಮೇಲಾದರೂ ಅವನು ಹೊರಗೆ ಬರುವ ಬಾಗಿಲೊಂದು ಸಣ್ಣಗೆ ತೆರೆದೇ ಉಳಿಯಿತು.

ಪಡಸಾಲೆಯಲ್ಲಿ ಅವನ ಕಡೆಯ ವಕೀಲ ಮೇಷ್ಟ್ರ ಕೈ ಕುಲುಕಿ, "ನಿಮ್ಮಿಂದ ಒಂದು ಜೀವ ಉಳೀತು," ಎಂದ. ಸರ್ಕಾರಿ ವಕೀಲರು ಅವರನ್ನು ಪಕ್ಕಕ್ಕೆ ಕರೆದು, "ಅವನ ಮಾತು ಬಿಡಿ. ನೀವು ಕೈ ಹಿಡೀದೆ ಇದ್ದಿದ್ರೂ ಇದೇ ಆಗ್ತಿತ್ತು, ತಲೆ ಕೆಡಿಸ್ಕೋಬೇಡಿ," ಎಂದರು. ಎರಡರಲ್ಲಿ ಯಾವುದು ನಿಜವೆಂದು ಕೇಳಲು ಜಡ್ಜ್ ಅಷ್ಟರಲ್ಲಿ ಒಳಗೆ ಹೋಗಿದ್ದರು. ಕೇಳಿದರೆ ಹೇಳುತ್ತಿದ್ದರೆಂದೂ ಅಲ್ಲ. ಪತ್ರಿಕೆಯವನೊಬ್ಬ ಫೋಟೋ ತೆಗೆದುಕೊಂಡ. ಮಾರನೆಯ ದಿನ, ಮಗನ ಕೊಲೆಗಾರನನ್ನು ಕ್ಷಮಿಸಿದ ತಂದೆ ಎಂದು ಅಚ್ಚಾಯಿತು.

ಬಸ್ಸಿನಲ್ಲಿ ಸೊಸೆ ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದು ಅಡುಗೆ ಮಾಡಿದಳು, ಬಡಿಸಿದಳು, ತಾನು ಉಣ್ಣಲಿಲ್ಲ. ಎರಡು ದಿನ ಮಾತೇ ಇಲ್ಲ. ಮೂರನೆಯ ದಿನ ಮೇಷ್ಟ್ರೇ ತಡೆಯಲಾರದೆ, "ಏನಾದ್ರೂ ಬೈದುಬಿಡಮ್ಮ," ಎಂದರು.

"ಬೈಯೋದಕ್ಕೇನಿದೆ. ನಿಮ್ಮ ಮಗ, ನೀವು ಕ್ಷಮಿಸಿದ್ರಿ."

"ನಾನು ಕ್ಷಮಿಸಿಲ್ಲ ಕಣಮ್ಮ."

"ಹಾಗಾದ್ರೆ ಅದೇನು?"

"ಅವನು ಬೀಳೋ ಹಾಗಿದ್ದ."

"ಬೀಳ್ಲಿ ಬಿಡಿ. ಇವರು ಬಿದ್ದಾಗ ಯಾರು ಹಿಡಿದ್ರು?" ಅವಳ ದನಿ ಏರಲಿಲ್ಲ. "ನಾನಿದ್ದೀನಿ ಅಂದ್ರಲ್ಲ ಮಾವ ಅವನಿಗೆ. ಈ ಎರಡು ವರ್ಷದಲ್ಲಿ ನನಗೆ ಒಂದು ದಿನ ಆ ಮಾತು ಹೇಳಿದ್ದೀರಾ?"

ಮೇಷ್ಟ್ರು ನೆನಪು ಮಾಡಿಕೊಂಡು ನೋಡಿದರು. ಔಷಧಿ ತಂದುಕೊಟ್ಟಿದ್ದರು, ಅಂಗಡಿಯಿಂದ ಬರುವುದು ತಡವಾದರೆ ಬಸ್ ಸ್ಟಾಪಿನಲ್ಲಿ ಕಾದಿದ್ದರು. ಆ ಮಾತು ಮಾತ್ರ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಆ ವಾರ ಸೊಸೆ ಅಕ್ಕನ ಮನೆಗೆ ಹೊರಟುಹೋದಳು. ಎಷ್ಟು ದಿನಕ್ಕೆ ಎಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆಮೇಲಿನ ತಿಂಗಳುಗಳು ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಬೀದಿಯಲ್ಲಿ ಹೋದರೆ ಪರಿಚಯವಿಲ್ಲದವರು ನಿಂತು ಕೈಮುಗಿಯುತ್ತಿದ್ದರು. ಪಕ್ಕದ ಮನೆಯಾಕೆ, ಹೊಟ್ಟೆಯಲ್ಲಿ ಹುಟ್ಟಿದ ಮಗ ಸತ್ತರೂ ಸಂಕಟವಿಲ್ಲದ ಕಲ್ಲು ಎಂದು ಆಡಿಕೊಂಡಳಂತೆ. ಎರಡೂ ಕಿವಿಗೆ ಬೀಳುತ್ತಿತ್ತು. ಎರಡನ್ನು ಕೇಳಿದಾಗಲೂ, ಇರಬಹುದೇನೋ ಎನ್ನಿಸುತ್ತಿತ್ತು. ಕಲಿಯಲು ಬರುವವರು ಹೆಚ್ಚಾದರು. ಒಬ್ಬ ತಾಯಿ ಮಗಳನ್ನು ಕರೆತಂದು, "ಕಲಿತ್ರೆ ನಿಮ್ಮಂಥವರ ಹತ್ರ ಕಲೀಬೇಕು," ಎಂದಳು. ಅದೇ ಮಗಳು ಮೂರನೆಯ ಪಾಠದಲ್ಲಿ ರಸ್ತೆ ಮಧ್ಯೆ ಗಾಡಿ ಆಫ್ ಮಾಡಿಕೊಂಡಾಗ ಮೇಷ್ಟ್ರು ಜನ್ಮದಲ್ಲೇ ಮೊದಲ ಸಲ ಕೂಗಾಡಿಬಿಟ್ಟರು. ಅವಳು ಅತ್ತಳು. ಇವರು ಇಳಿದು ಫುಟ್‌ಪಾತಿನ ಮೇಲೆ ಕೂತರು. ಕೊನೆಗೆ ಅವಳೇ ಇಳಿದು ಬಂದು ನೀರಿನ ಬಾಟಲಿ ಕೊಟ್ಟಳು.

ಒಂದು ಕಾಲೇಜಿನವರು ಕ್ಷಮೆಯ ವಿಷಯ ಮಾತಾಡಬೇಕೆಂದು ಎಳೆದುಕೊಂಡು ಹೋದರು. ಮೇಷ್ಟ್ರು ಮೈಕಿನ ಮುಂದೆ ನಿಂತು, "ನಾನು ಕ್ಷಮಿಸಿದ್ದೀನೋ ಇಲ್ವೋ ನನಗೇ ಇನ್ನೂ ಗೊತ್ತಾಗಿಲ್ಲ. ಬೆಳಿಗ್ಗೆ ಏಳುವಾಗ ಅವನ ಕುತ್ತಿಗೆ ಹಿಸುಕಬೇಕು ಅನ್ಸುತ್ತೆ," ಎಂದು ಹೇಳಿ ಇಳಿದರು. ಎಂಥ ವಿನಯ ಎಂದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೇಷ್ಟ್ರು ಊಟಕ್ಕೂ ನಿಲ್ಲದೆ ಬಂದುಬಿಟ್ಟರು.

ಹೀಗಿರುವಾಗ ಒಂದು ಬೆಳಿಗ್ಗೆ ಕೊಂದವನ ಅಪ್ಪ, ಆ ಮರಗೆಲಸದವನು, ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಮೇಷ್ಟ್ರನ್ನು ಕಂಡೊಡನೆ ಕಾಲಿಗೆ ಬೀಳಲು ಬಗ್ಗಿದ.

"ಏಳಿ. ಇಲ್ಲಿ ಬೇಡ. ನನ್ನ ಮಗ ಬಿದ್ದಿದ್ದ ಜಾಗ ಅದು," ಎಂದರು ಮೇಷ್ಟ್ರು.

ಅವನು ಕೆಂಡ ತುಳಿದವನಂತೆ ಹಿಂದಕ್ಕೆ ಸರಿದ. "ಗೊತ್ತಿರಲಿಲ್ಲ ಮೇಷ್ಟ್ರೇ."

"ಯಾಕೆ ಬಂದ್ರಿ?"

"ನಿಮ್ಮ ಋಣ ಹೇಗೆ ತೀರಿಸ್ಬೇಕೋ..."

"ನಾನು ಕ್ಷಮಿಸಿಲ್ಲ. ಪೇಪರಿನವರು ಬರ್ಕೊಂಡಿದ್ದು. ಹೋಗಿ."

ಮರಗೆಲಸದವನು ಚಪ್ಪಲಿಗೆ ಕಾಲು ತೂರಿಸಿದ. ಆದರೆ ಹೋಗಲಿಲ್ಲ. "ಹಾಗಾದ್ರೆ ಕೈ ಯಾಕೆ ಹಿಡಿದ್ರಿ?" ಎಂದು ಕೇಳಿದ. ಜಗಳದ ದನಿಯಲ್ಲ, ತಿಳಿಯಬೇಕೆಂಬ ದನಿ. "ಅವನ ಅಪ್ಪ ನಾನು. ಆ ಹೊತ್ತಲ್ಲಿ ನನಗೇ ಎದ್ದು ಹೋಗೋಕಾಗ್ಲಿಲ್ಲ. ಅವನ ಮುಖ ನೋಡೋಕೂ ಹೇಸಿಗೆ ಆಗಿತ್ತು. ನೀವು ಹೆಂಗೆ ಹೋದ್ರಿ?"

ಮೇಷ್ಟ್ರು ಗೇಟಿನ ಚಿಲಕವನ್ನು ಸಿಕ್ಕಿಸುತ್ತ, ಬಿಚ್ಚುತ್ತ ನಿಂತರು. ಆ ಮನುಷ್ಯ ಹೊರಡುವ ಮುಂಚೆ ಹೇಳಿದ: ಜೈಲಿಗೆ ಹೋದಾಗಲೆಲ್ಲ ಮಗ ಒಂದೇ ಮಾತು ಕೇಳುತ್ತಾನಂತೆ, ಮೇಷ್ಟ್ರು ಬರ್ತಾರಾ ಎಂದು. ನಾನಿದ್ದೀನಿ ಅಂದಿದ್ರಲ್ಲ ಎಂದು.

ಮೇಷ್ಟ್ರು ವಾರಗಟ್ಟಲೆ ಗೊಣಗಿದರು. ಬಾಯಿತಪ್ಪಿ ಬಂದ ಮಾತಿಗೆ ಇವನೊಬ್ಬ ಗಂಟುಬಿದ್ದನಲ್ಲ ಎಂದು ಸಿಟ್ಟಾದರು. ಕೊನೆಗೆ ಒಂದು ದಿನ ಪಾಠಗಳನ್ನೆಲ್ಲ ಮುಂದಕ್ಕೆ ಹಾಕಿ, ತಲೆಯ ಮೇಲೆ ಕಲಿಕೆಯ ಫಲಕ ಹೊತ್ತ ಕಾರಿನಲ್ಲೇ ಜೈಲಿಗೆ ಹೋದರು. "ಯಾರಿಗೆ ಕಲಿಸೋಕೆ ಬಂದ್ರಿ?" ಎಂದು ಕಾವಲಿನವನು ನಕ್ಕ.

ಜಾಲರಿಯ ಆಚೆ ಅವನು ಬಂದು ಕೂತ. ಮೇಷ್ಟ್ರು ಕೇಳಬೇಕೆಂದುಕೊಂಡದ್ದನ್ನು ಕುಶಲ ಗಿಶಲವಿಲ್ಲದೆ ಕೇಳಿಬಿಟ್ಟರು.

"ಹೋಗಿದ್ದವನು ವಾಪಸ್ ಯಾಕೆ ಬಂದೆ?"

ಅವನು ಜಾಲರಿಯ ತೂತಿಗೆ ಬೆರಳು ತೂರಿಸಿದ. "ಅಂಗಡಿಗೆ ಹೋದೆ. ಓನರ್ ಕೆನ್ನೆ ಯಾಕೆ ಕೆಂಪಗಿದೆ ಅಂದ್ರು. ಅಲ್ಲಿದ್ದವರು ನಕ್ಕರು. ಪಾನಾ ಕೈಲಿತ್ತು. ಬರೋವಾಗ ಬರೀ ಹೆದರಿಸೋಣ ಅಂತಾನೇ ಬಂದೆ ಅನ್ಸುತ್ತೆ. ಹೊಡೀಬೇಕು ಅಂತಾನೇ ಬಂದ್ನೇನೋ. ದಿನಾ ನೆನಪು ಮಾಡ್ಕೋತೀನಿ ಮೇಷ್ಟ್ರೇ. ದಿನಕ್ಕೊಂಥರಾ ನೆನಪಾಗುತ್ತೆ."

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಹೇಳಲಿಲ್ಲ. ಮೇಷ್ಟ್ರಿಗೆ ಇದರಿಂದ ಸಮಾಧಾನವೂ ಆಗಲಿಲ್ಲ, ಇನ್ನೊಮ್ಮೆ ಬರಬಾರದು ಎಂದೂ ಅನ್ನಿಸಲಿಲ್ಲ. ಹೊರಡುವಾಗ, "ಊಟ ಸರಿಯಾಗಿ ಮಾಡ್ತೀಯಾ?" ಎಂದು ಕೇಳಿದರು. ಕೇಳಿದ್ದಕ್ಕೆ ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು.

ಸೊಸೆ ಮರಳಿ ಬಂದದ್ದು ಅದಾದ ಕೆಲವು ವಾರಕ್ಕೆ. ಬ್ಯಾಗು ಹಿಡಿದು ಒಳಗೆ ಬಂದವಳೇ ನೇರ ಅಡುಗೆಮನೆಗೆ ಹೋಗಿ, ಪಾತ್ರೆಗಳ ಸ್ಥಿತಿ ನೋಡಿ ಹಣೆ ಚಚ್ಚಿಕೊಂಡಳು. ಅಕ್ಕನ ಜೊತೆ ಜಗಳವಾಗಿತ್ತು.

"ಏನಂತೆ?" ಎಂದು ಮೇಷ್ಟ್ರು ಹೆದರುತ್ತಲೇ ಕೇಳಿದರು.

"ನಿನ್ನ ಮಾವನಿಗೆ ಬುದ್ಧಿ ಕೆಟ್ಟಿದೆ ಅಂದಳು."

"ನೀನೂ ಅದನ್ನೇ ಹೇಳ್ತಿದ್ದೆಯಲ್ಲ."

"ನಾನು ಹೇಳ್ಬಹುದು. ಅವಳ್ಯಾಕೆ ಹೇಳ್ಬೇಕು?" ಎಂದು ಅವಳು ತೊಳೆಯಲು ಪಾತ್ರೆಗಳನ್ನು ದಡದಡ ಎತ್ತಿಹಾಕಿದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ, "ಅಲ್ಲಿಗೆ ಹೋಗಿದ್ರಂತೆ. ಗೊತ್ತಾಯ್ತು. ಹೋಗಿ, ಬೇಡ ಅನ್ನಲ್ಲ. ಆದ್ರೆ ನನ್ನ ಹತ್ರ ಅವನ ಸುದ್ದಿ ಎತ್ಬೇಡಿ," ಎಂದಳು.

ಮೇಷ್ಟ್ರು ಎತ್ತಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುವರು. ಸೊಸೆ ಎಲ್ಲಿಗೆ ಎಂದು ಕೇಳಳು. ಬಂದಾಗ ಮುಖ ಒಮ್ಮೆ ನೋಡಿ ಕಾಫಿ ಕೊಡುವಳು. ಇಬ್ಬರ ನಡುವೆ ರೇಡಿಯೋ ಜಗಳ ಮತ್ತೆ ಶುರುವಾಯಿತು. ಮಗನ ಮಾತು ಬಂದರೆ ಮೊದಲಿನ ಹಾಗೆ ಇಬ್ಬರೂ ಸೇರಿ ಅವನನ್ನು ಬೈಯುವರು, ಅಷ್ಟು ಕೋಪ ಯಾಕೆ ಬೇಕಿತ್ತು ಅವನಿಗೆ ಎಂದು. ಬೈದು, ಇಬ್ಬರಲ್ಲಿ ಒಬ್ಬರು ಎದ್ದು ಬೇರೆ ಕೋಣೆಗೆ ಹೋಗುವರು.

ಕಳೆದ ಸಲ ಮೇಷ್ಟ್ರು ಜೈಲಿನಿಂದ ಬಂದು ಕಾಫಿ ಕುಡಿಯುತ್ತಿದ್ದಾಗ, ಸೊಸೆ ಅಂಗಡಿಯಿಂದ ತಂದಿದ್ದ ಕನ್ನಡಕದ ಸ್ಕ್ರೂ ಬಿಗಿಮಾಡುತ್ತ, ತಲೆ ಎತ್ತದೆ ಕೇಳಿದಳು.

"ಸಣ್ಣಗಾಗಿದಾನಾ?"

ಯಾರು ಎಂದು ಮೇಷ್ಟ್ರು ಕೇಳಲಿಲ್ಲ. ಸುಳ್ಳು ಹೇಳೋಣವೇ ಎಂದು ಒಂದು ಗಳಿಗೆ ಯೋಚಿಸಿದರು. ಹೌದು ಎಂದರೆ ಅವಳಿಗೆ ಖುಷಿಯಾಗುತ್ತದೋ ಬೇಜಾರಾಗುತ್ತದೋ ತಿಳಿಯಲಿಲ್ಲ.

"ಇಲ್ಲಮ್ಮ. ದಪ್ಪ ಆಗಿದಾನೆ. ಅಡುಗೆಮನೆ ಕೆಲಸಕ್ಕೆ ಹಾಕಿದಾರಂತೆ."

"ದಪ್ಪ ಆಗಿದಾನಾ?"

"ಹೊಟ್ಟೆ ಬಂದಿದೆ."

ಅವಳ ಮುಖ ಕೆಂಪೇರಿತು. ಸ್ಕ್ರೂ ಬಿಗಿಮಾಡುವ ಕಡ್ಡಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇಲ್ಲಿ ನಾವಿಬ್ರೂ ಕಡ್ಡಿ ಆಗಿದ್ದೀವಿ, ಅವನಿಗೆ ಹೊಟ್ಟೆ," ಎಂದು ಶುರುಮಾಡಿದವಳ ದನಿ ಅರ್ಧದಲ್ಲಿ ಒಡೆದು ನಗುವಾಯಿತು. ನಗು ಮುಗಿಯುವ ಮೊದಲೇ ಅಳು ಬಂತು. ಮೇಷ್ಟ್ರೂ ನಕ್ಕರು, ನಕ್ಕದ್ದಕ್ಕೆ ನಾಚಿ ಲೋಟಕ್ಕೆ ಬಾಯಿಟ್ಟರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಳಗೆ ಬಿದ್ದ ಸಣ್ಣ ಸ್ಕ್ರೂವನ್ನು ಹುಡುಕತೊಡಗಿದಳು. ಅದು ಸಿಗಲಿಲ್ಲ. ಮೇಷ್ಟ್ರು ಲೋಟ ಬದಿಗಿಟ್ಟು, ಮೊಣಕಾಲು ಊರಿ, ಮೇಜಿನ ಕೆಳಗೆ ತಾವೂ ತಡಕಾಡಿದರು.